ಕಸದ ಜಾತಕ

ವಧೂವರರ ಜಾತಕ ಕೂಡಿಬಾರದಿದ್ದರೆ ಹುಟ್ಟಿದ ಗಳಿಗೆಯನ್ನೇ ಒಂದಿಷ್ಟು ಹಿಂದುಮುಂದು ಮಾಡಿ ಬರೆಸುವ ಜಾಣರು ನಮ್ಮ ಸಮಾಜದಲ್ಲಿ ಮೊದಲಿನಿಂದಲೂ ಇದ್ದಾರೆ. ಅದರ ಫಲಾಫಲ ಎರಡು ಮನೆಗಳಲ್ಲಿ ಮುಗಿಯುತ್ತದೆ. ಆದರೆ ನಮ್ಮ ಹೈದರಾಬಾದಿನ ಸುತ್ತ, ಪಟಾನ್‌ಚೆರು, ಪಾಶಮೈಲಾರಂ, ಬೊಲ್ಲಾರಂ, ಜೀಡಿಮೆಟ್ಲಗಳ ಕಾರ್ಖಾನೆಗಳಲ್ಲಿ ಇನ್ನೊಂದು ಬಗೆಯ ಜಾತಕ ಬರೆಯಲಾಗುತ್ತದೆ. ಅದು ಕಸದ ಜಾತಕ. ಡ್ರಮ್ಮಿನಲ್ಲಿ ತುಂಬಿದ ವಿಷದ ಕೆಸರು ಯಾವುದರಿಂದ ಹುಟ್ಟಿತು, ಅದರೊಳಗೆ ಏನೇನಿದೆ, ಅದು ಉರಿಯುವುದೋ, ಕೊರೆಯುವುದೋ, ನೀರಿನಲ್ಲಿ ಕರಗಿ ನೆಲಕ್ಕೆ ಇಳಿಯುವುದೋ ಎಂದು ಹೇಳುವ ನಾಲ್ಕಾರು ಹಾಳೆ. ಈ ಹಾಳೆಗಳನ್ನು ನೋಡಿಯೇ ವಿಲೇವಾರಿ ಕೇಂದ್ರದವರು “ಈ ಕಸವನ್ನು ನಾವು ತೆಗೆದುಕೊಳ್ಳುತ್ತೇವೆ” ಎಂದು ಒಪ್ಪಿಗೆ ಕೊಡುವುದು. ಈ ಜಾತಕವನ್ನು ತಿದ್ದಿ ಬರೆದರೆ ಅದರ ಫಲ ಉಣ್ಣುವವರು ಯಾರು? ಬರೆದವನಲ್ಲ, ಬರೆಸಿದವನೂ ಅಲ್ಲ. ಡ್ರಮ್ಮು ಹೊರುವ ಹಮಾಲಿ, ಲಾರಿಯ ಡ್ರೈವರು, ಕೊನೆಗೆ ಬೋರ್‌ವೆಲ್ಲಿನ ನೀರು ಕುಡಿಯುವ ಹಳ್ಳಿಯ ಜನ.

“ಇದೊಂದು ಗುಮಾಸ್ತಿಕೆಯ ವಿಷಯ, ಇದರ ಮೇಲೂ ಲೇಖನವೇ?” ಎಂದು ಕೆಲವು ಓದುಗರು ಮೂಗು ಮುರಿಯಬಹುದು. ಗುಮಾಸ್ತಿಕೆಯ ವಿಷಯವೆಂದೇ ನಾನು ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಫೈಲುಗಳ ನಡುವೆ ಬದುಕಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಈ ದೇಶದಲ್ಲಿ ಒಳ್ಳೆಯ ಕಾನೂನು ಸೋಲುವ ಜಾಗ ಫಾರಮ್ಮಿನ ಕಾಲಂ. “ಇತರೆ” ಎಂದು ಬರೆದು ಕೈತೊಳೆದುಕೊಂಡ ಕಾಲಂ, “ಹಿಂದಿನಂತೆಯೇ” ಎಂದು ತುಂಬಿದ ಕಾಲಂ, ಸಹಿಯ ಮೇಲೆ ರಬ್ಬರ್ ಸ್ಟಾಂಪು ಒತ್ತಿ ಹೆಸರೇ ಕಾಣದಂತೆ ಮಾಡಿದ ಕಾಲಂ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಹೊರಟವು. ಆಗ ಇಂಥ ಕಸವನ್ನು 18 ವರ್ಗಗಳಾಗಿ ವಿಂಗಡಿಸಿದ್ದರು. ಆಮೇಲೆ ತಿದ್ದುಪಡಿಗಳಾದವು, 2008ರಲ್ಲಿ ಹೊಸ ನಿಯಮಗಳು ಬಂದವು, 2016ರಲ್ಲಿ ಇನ್ನೂ ಹೊಸವು ಬಂದವು. 2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ 38 ಬಗೆಯ ಕೈಗಾರಿಕಾ ಪ್ರಕ್ರಿಯೆಗಳನ್ನು ಪಟ್ಟಿಮಾಡಿದ್ದಾರೆ. ನಮ್ಮ ಈ ಊರಿನ ದೊಡ್ಡ ಉದ್ಯಮವಾದ ಔಷಧ ತಯಾರಿಕೆಗೆ ಅದರಲ್ಲಿ 28ನೆಯ ಸಂಖ್ಯೆ. ಅದರ ಕೆಳಗೆ ಪ್ರಕ್ರಿಯೆಯ ಶೇಷ, ಬಳಸಿದ ಕ್ಯಾಟಲಿಸ್ಟು, ಬಳಸಿದ ಇದ್ದಿಲು, ಗುಣಮಟ್ಟಕ್ಕೆ ಬಾರದ ಮಾಲು, ಅವಧಿ ಮುಗಿದ ಔಷಧ, ಬಳಸಿದ ದ್ರಾವಕ ಎಂದು ಬೇರೆಬೇರೆ ಉಪಸಂಖ್ಯೆಗಳು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಈ ಕಸವನ್ನು ಕಾರ್ಖಾನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಅಧಿಕೃತ ಕೇಂದ್ರಕ್ಕೆ ಕಳಿಸಲೇಬೇಕು. ನಮಗೆ ಅಂಥ ಕೇಂದ್ರ ದುಂಡಿಗಲ್‌ನಲ್ಲಿ, 2001ರಿಂದ ಇದೆ. ಬೆಂಗಳೂರಿನ ಕಡೆಯವರಿಗೆ ದಾಬಸ್‌ಪೇಟೆಯಲ್ಲಿ ಇದೆ.

ಕೇಂದ್ರಕ್ಕೆ ಕಳಿಸುವುದೆಂದರೆ ಮುನಿಸಿಪಾಲಿಟಿಯ ತೊಟ್ಟಿಗೆ ಸುರಿದಂತಲ್ಲ. ಮೊದಲು ಕಾರ್ಖಾನೆಯವರು ಪ್ರತಿಯೊಂದು ಬಗೆಯ ಕಸಕ್ಕೂ ಬೇರೆ ಬೇರೆ ವಿವರ ಕೊಡಬೇಕು. ಯಾವ ಔಷಧದ ಯಾವ ಹಂತದಲ್ಲಿ ಹುಟ್ಟಿದ್ದು, ವರ್ಷಕ್ಕೆ ಎಷ್ಟು, ಗಟ್ಟಿಯೋ ಕೆಸರೋ ದ್ರವವೋ, ಆಮ್ಲವೋ ಕ್ಷಾರವೋ, ಎಷ್ಟು ಡಿಗ್ರಿಯಲ್ಲಿ ಹೊತ್ತಿಕೊಳ್ಳುತ್ತದೆ, ಸುಟ್ಟರೆ ಎಷ್ಟು ಶಾಖ ಬರುತ್ತದೆ, ಕ್ಲೋರಿನ್ ಎಷ್ಟು, ಸೀಸ, ಪಾದರಸ, ಕ್ರೋಮಿಯಮ್ಮಿನಂಥ ಲೋಹಗಳೆಷ್ಟು, ಸಯನೈಡ್ ಸಲ್ಫೈಡ್‌ಗಳಿವೆಯೇ, ನೀರಿನಲ್ಲಿ ನೆನೆದರೆ ಏನೇನು ಬಸಿದು ಬರುತ್ತದೆ. ಇವಕ್ಕೆಲ್ಲ ಮಾದರಿ ತೆಗೆದು ಪೂರ್ಣ ವಿಶ್ಲೇಷಣೆ ನಡೆಯಬೇಕು. ಅದನ್ನು ನೋಡಿ ಕೇಂದ್ರದವರು ದಾರಿ ನಿರ್ಣಯಿಸುತ್ತಾರೆ: ನೇರವಾಗಿ ಹೂಳುವುದೋ, ಸುಣ್ಣ ಸಿಮೆಂಟು ಹಾರುಬೂದಿ ಕಲಸಿ ಗಟ್ಟಿಮಾಡಿ ಹೂಳುವುದೋ, ಕುಲುಮೆಯಲ್ಲಿ ಸುಡುವುದೋ. ಆಮೇಲೆ ಲಾರಿ ಬಂದಾಗಲೆಲ್ಲ ಗೇಟಿನಲ್ಲಿ ಮತ್ತೊಂದು ಚಿಕ್ಕ ಪರೀಕ್ಷೆ. ಮನುಷ್ಯನ ಹೆಬ್ಬೆಟ್ಟಿನ ಗುರುತು ನೋಡಿದ ಹಾಗೆ, ಬಂದ ಮಾಲು ಮೊದಲು ಹೇಳಿದ ಮಾಲೇ ಹೌದೋ ಅಲ್ಲವೋ ಎಂದು ನೋಡುವುದು.

ಇದರ ಜೊತೆಗೆ ಫಾರಂ 10 ಎಂಬ ಸಾಗಣೆ ಚೀಟಿ. ಏಳು ಬಣ್ಣದ ಏಳು ಪ್ರತಿ. ಬಿಳಿಯದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ಕಳಿಸಿದವನ ಹತ್ತಿರ, ಗುಲಾಬಿ ಪಡೆದವನ ಹತ್ತಿರ, ಕಿತ್ತಳೆ ಸಾಗಿಸಿದವನಿಗೆ, ಹಸಿರು ಪಡೆದವನಿಂದ ಮಂಡಳಿಗೆ, ನೀಲಿ ಮರಳಿ ಕಳಿಸಿದವನಿಗೆ, ಕಸ ಹೊರರಾಜ್ಯದ್ದಾದರೆ ಬೂದುಬಣ್ಣದ್ದು ಆ ರಾಜ್ಯದ ಮಂಡಳಿಗೆ. ಗುಮಾಸ್ತನ ಕಣ್ಣಿನಿಂದ ನೋಡಿದರೆ ಇದೊಂದು ಸುಂದರವಾದ ವ್ಯವಸ್ಥೆ. ನೀಲಿ ಪ್ರತಿ ಮನೆಗೆ ಮರಳಿ ಬರಲಿಲ್ಲವೆಂದರೆ ಕಸ ಎಲ್ಲೋ ದಾರಿ ತಪ್ಪಿದೆ ಎಂದೇ ಅರ್ಥ. ಕೇಳುವವನಿದ್ದರೆ ಆ ಒಂದು ಚೀಟಿ ಸಾಕು. ಕೇಳುವವನಿಲ್ಲದಿದ್ದರೆ ಏಳಲ್ಲ, ಎಪ್ಪತ್ತು ಪ್ರತಿ ಬರೆದರೂ ಅಷ್ಟೇ.

ಇನ್ನು ತಕರಾರಿಗೆ ಬರುತ್ತೇನೆ. ಈ ವಿಷಯದಲ್ಲಿ ನಾನು ಕೇಳುವ ಮಾತುಗಳು ನಾಲ್ಕು ಬಗೆಯವು. ಒಂದೊಂದಕ್ಕೂ ಉತ್ತರ ಹೇಳಬೇಕಾಗಿದೆ.

ಮೊದಲನೆಯದು ಉದ್ಯಮಿಗಳ ಮಾತು: “ಕಾಗದಪತ್ರ ಅತಿಯಾಯಿತು, ಹೀಗಾದರೆ ವ್ಯವಹಾರ ಮಾಡುವುದು ಹೇಗೆ?” ಸ್ವಾಮಿ, ಕಾಗದ ಅತಿಯಾಯಿತೋ, ಸುಳ್ಳು ಕಾಗದ ಅತಿಯಾಯಿತೋ? ನನ್ನ ಪರಿಚಯದ ಹುಡುಗನೊಬ್ಬ, ಬೀದರ ಕಡೆಯವನು, ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಸೇರಿದ. ಕಸದ ಮಾದರಿ ತೆಗೆಯಲು ಹೊರಟವನಿಗೆ ಮೇಲಿನವರು ಹೇಳಿದ್ದೇನು ಗೊತ್ತೇ? “ಹೋದ ವರ್ಷದ ರಿಪೋರ್ಟು ಇದೆಯಲ್ಲಪ್ಪ, ತಾರೀಖು ಬದಲಿಸಿದರಾಯಿತು.” ಹೋದ ವರ್ಷ ತಯಾರಿಸುತ್ತಿದ್ದ ಔಷಧ ಬೇರೆ, ಈ ವರ್ಷದ್ದು ಬೇರೆ. ದ್ರಾವಕ ಬೇರೆ, ಶೇಷ ಬೇರೆ. ಜಾತಕ ಮಾತ್ರ ಅದೇ! ಅಣ್ಣನ ಜಾತಕ ಕೊಟ್ಟು ತಮ್ಮನ ಮದುವೆ ಮಾಡಿದ ಹಾಗೆ. ಆ ಹುಡುಗ ಆ ಕೆಲಸ ಬಿಟ್ಟ. ಎಲ್ಲರಿಗೂ ಬಿಡಲು ಸಾಧ್ಯವಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಇದನ್ನು ಒಬ್ಬೊಬ್ಬ ಹುಡುಗನ ಧೈರ್ಯಕ್ಕೆ ಬಿಡಬಾರದು ಎನ್ನುತ್ತೇನೆ.

ಸುಳ್ಳು ಕಾಗದದಿಂದ ಏನಾಗುತ್ತದೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಿಪ್ ಉಪಕರಣ ನೋಡಿದವರಿಗೆಲ್ಲ ನೆನಪಿರಬೇಕು. ಕಬ್ಬಿಣದ ಸಲ್ಫೈಡಿನ ತುಂಡುಗಳ ಮೇಲೆ ಆಮ್ಲ ಬಿದ್ದೊಡನೆ ಕೊಳೆತ ಮೊಟ್ಟೆಯ ವಾಸನೆ ಇಡೀ ಕಾರಿಡಾರಿಗೆ ಹರಡುತ್ತಿತ್ತು. ಅದು ಹೈಡ್ರೋಜನ್ ಸಲ್ಫೈಡ್. ಪ್ರಮಾಣ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ಕೊಲ್ಲುವ ಅನಿಲ. ಈಗ ಸಲ್ಫೈಡ್ ಇರುವ ಕಸವನ್ನು “ಸಾಮಾನ್ಯ ಲವಣ” ಎಂದು ಬರೆದು ಕಳಿಸಿದರೆ, ಕೇಂದ್ರದಲ್ಲಿ ಅದನ್ನು ಇನ್ನೊಬ್ಬರ ಆಮ್ಲದ ಕೆಸರಿನ ಪಕ್ಕಕ್ಕೆ ಸುರಿದರೆ, ಅಲ್ಲಿ ನಿಂತ ಕೂಲಿಯವನ ಗತಿಯೇನು? ಸಯನೈಡ್ ಇದ್ದರಂತೂ ಹೇಳುವುದೇ ಬೇಡ. ಕ್ಲೋರಿನ್ ಎಷ್ಟಿದೆಯೆಂದು ಸರಿಯಾಗಿ ಹೇಳದೆ ಕುಲುಮೆಗೆ ಹಾಕಿದರೆ ಡಯಾಕ್ಸಿನ್ ಹುಟ್ಟುವ ಭಯ. ಅದನ್ನು ತಡೆಯಲೆಂದೇ ಕುಲುಮೆಯ ಎರಡನೆಯ ಕೋಣೆಯಲ್ಲಿ ಸುಮಾರು 1,100 ಡಿಗ್ರಿ ಶಾಖದಲ್ಲಿ ಹೊಗೆಯನ್ನು ಕನಿಷ್ಠ ಎರಡು ಸೆಕೆಂಡು ಹಿಡಿದಿಡಬೇಕೆಂಬ ನಿಯಮವಿದೆ. ಒಳಗೆ ಏನು ಹಾಕುತ್ತಿದ್ದೇವೆಂಬುದು ಗೊತ್ತಿಲ್ಲದವನು ಈ ಶಾಖವನ್ನು ಹೇಗೆ ಕಾಯ್ದುಕೊಂಡಾನು?

ಎರಡನೆಯ ಮಾತು ನಿರಾಶಾವಾದಿಗಳದು: “ಲಂಚದ ಮುಂದೆ ಫಾರಂ ಏನು ಮಾಡೀತು? ರಾತ್ರಿ ಟ್ಯಾಂಕರು ತಂದು ನಾಲೆಗೆ ಬಿಡುವವರು ಬಿಟ್ಟೇ ಬಿಡುತ್ತಾರೆ.” ಬಿಡುತ್ತಾರೆ, ನಿಜ. 2022ರ ಜನವರಿ 6ರಂದು ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಹಾಗೆಯೇ ಟ್ಯಾಂಕರಿನಿಂದ ಚರಂಡಿಗೆ ರಾಸಾಯನಿಕ ಬಿಟ್ಟಾಗ ಎದ್ದ ವಿಷಾನಿಲಕ್ಕೆ ಪಕ್ಕದ ಬಟ್ಟೆ ಗಿರಣಿಯ ಆರು ಮಂದಿ ಕೂಲಿಗಳು ಸತ್ತರು. ಅವರಿಗೂ ಆ ರಾಸಾಯನಿಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಇಂಥವನ್ನು ನೋಡಿ ಫಾರಂ ವ್ಯರ್ಥವೆನ್ನುವುದು, ಕಳ್ಳತನ ನಡೆಯುತ್ತದೆಂದು ಮನೆಯ ಬೀಗ ಕಿತ್ತೊಗೆದ ಹಾಗೆ. ಸರಿಯಾದ ಕಾಗದ ಇಲ್ಲದಿದ್ದರೆ ಕಳ್ಳನನ್ನು ಹಿಡಿಯುವುದು ಯಾವ ಆಧಾರದಿಂದ? ಕಾರ್ಖಾನೆ ತಯಾರಿಸಿದ ಔಷಧ ಇಷ್ಟು, ಅದರಿಂದ ಹುಟ್ಟಬೇಕಾದ ಶೇಷ ಇಷ್ಟು, ಕೇಂದ್ರಕ್ಕೆ ಹೋದದ್ದು ಇಷ್ಟು. ಲೆಕ್ಕದಲ್ಲಿ ಕಡಿಮೆ ಬಿದ್ದದ್ದು ಎಲ್ಲಿ ಹೋಯಿತು? ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕ ಇದು.

ರಾಜಸ್ಥಾನದ ಉದಯಪುರದ ಬಳಿ ಬಿಛ್ರಿ ಎಂಬ ಹಳ್ಳಿಯಿದೆ. ಅಲ್ಲಿ ಎಚ್ ಆಸಿಡ್ ಎಂಬ ಬಣ್ಣದ ಮೂಲವಸ್ತು ತಯಾರಿಸಿದ ಕಾರ್ಖಾನೆಗಳು ಸುಮಾರು 2,400 ಟನ್ನು ವಿಷದ ಕೆಸರನ್ನು ಬಿಟ್ಟುಹೋದವು. ಹೊಂಡಗಳಲ್ಲಿ ಭದ್ರಪಡಿಸಿದ್ದು ಸುಮಾರು 720 ಟನ್ನು. ಮಿಕ್ಕಿದ್ದು ಸುತ್ತಲಿನ ನೆಲದಲ್ಲಿ ಹರಡಿಹೋಗಿತ್ತು. ಬಾವಿಗಳ ನೀರು ಬಾಯಿಗಿಡಲಾರದಂತಾಯಿತು. 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಈ ಕಾರ್ಖಾನೆಗಳ ವಿರುದ್ಧ ತೀರ್ಪು ಬರೆದವರು ನಮ್ಮ ಇಲ್ಲಿಯ ಹೈಕೋರ್ಟಿನಲ್ಲಿಯೂ ಕೂತಿದ್ದ ನ್ಯಾಯಮೂರ್ತಿ ಬಿ. ಪಿ. ಜೀವನ ರೆಡ್ಡಿಯವರು. ಮಲಿನ ಮಾಡಿದವನೇ ಖರ್ಚು ಕೊಡಬೇಕು ಎಂಬ ತತ್ವ ಈ ದೇಶದಲ್ಲಿ ಬೇರೂರಿದ್ದು ಆ ತೀರ್ಪಿನಿಂದ. ಉಪ್ಪು ತಿಂದವ ನೀರು ಕುಡಿಯಬೇಕು ಎಂದು ನಮ್ಮ ಹಿರಿಯರು ಹೇಳಿದ್ದೇ ಇದು. ಆದರೆ ಉಪ್ಪು ತಿಂದವ ಯಾರೆಂದು ತೋರಿಸಲು ಕಡತ ಬೇಕಲ್ಲ!

ಮೂರನೆಯ ಮಾತು ಆತುರಗಾರರದು: “ಅಷ್ಟೆಲ್ಲ ಪರೀಕ್ಷೆ ಏಕೆ? ಎಲ್ಲವನ್ನೂ ಒಂದು ಕಡೆ ಹೂತುಬಿಟ್ಟರೆ ಮುಗಿಯಿತು.” ಮುಗಿಯುವುದಿಲ್ಲ. ಹೂಳುವ ಗುಂಡಿಗೆ ಜೇಡಿ ಮಣ್ಣಿನ ಪದರ, ಅದರ ಮೇಲೆ ಪ್ಲಾಸ್ಟಿಕ್ ಹಾಸು, ಬಸಿದ ನೀರು ತೆಗೆಯಲು ಕೊಳವೆ ಇವೆಲ್ಲ ಇರುತ್ತವೆ. ಗುಂಡಿ ತುಂಬಿ ಮುಚ್ಚಿದ ಮೇಲೂ 30 ವರ್ಷ ಅದನ್ನು ಕಾಯಬೇಕು. ಇಂದು ಸುಳ್ಳು ಬರೆದವನು ಆ ಹೊತ್ತಿಗೆ ನಿವೃತ್ತನಾಗಿ ಪಿಂಚಣಿಯನ್ನೂ ತಿಂದು ಮುಗಿಸಿರುತ್ತಾನೆ. ಕಸ ಮಾತ್ರ ಅಲ್ಲೇ ಇರುತ್ತದೆ. ಭೋಪಾಲದ ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ನು ಕಸ ಪೀಥಮ್‌ಪುರದ ಕೇಂದ್ರಕ್ಕೆ ಹೊರಟದ್ದು 2025ರ ಜನವರಿಯಲ್ಲಿ; ಸುಟ್ಟು ಮುಗಿದದ್ದು ಅದೇ ವರ್ಷದ ಜೂನ್ ಕೊನೆಗೆ. ನಲವತ್ತು ವರ್ಷ! ಮಣ್ಣು, ರಿಯಾಕ್ಟರಿನ ಶೇಷ, ಕೀಟನಾಶಕದ ಶೇಷ, ಅರೆಬರೆ ತಯಾರಾದ ಮಾಲು ಎಲ್ಲ ಅದರಲ್ಲಿತ್ತು. ಪೀಥಮ್‌ಪುರದ ಜನ ಬೀದಿಗಿಳಿದು ಪ್ರತಿಭಟಿಸಿದರು. ಕೋರ್ಟು ಮೊದಲು ಮೂರು ಸಲ ಹತ್ತು ಹತ್ತು ಟನ್ನು ಪ್ರಯೋಗಕ್ಕೆ ಸುಟ್ಟು ನೋಡಲು ಹೇಳಬೇಕಾಯಿತು. ತಮ್ಮ ಊರಿಗೆ ಬಂದದ್ದು ಏನು ಎಂಬುದರಲ್ಲಿ ಜನಕ್ಕೆ ನಂಬಿಕೆಯಿಲ್ಲದೆ ಹೋದರೆ ಒಳ್ಳೆಯ ಕುಲುಮೆಯೂ ಅವರ ಕಣ್ಣಿಗೆ ಯಮನ ಬಾಯಿಯೇ.

ಕೇಳದ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ಪಟಾನ್‌ಚೆರುವೇ ಉದಾಹರಣೆ. ಅಲ್ಲಿನ ಮಾಲಿನ್ಯದ ವಿರುದ್ಧ 1990ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಿತ್ತು. ಡಾ. ಎ. ಕಿಶನ್ ರಾವ್ ಅವರಂಥ ಸ್ಥಳೀಯ ವೈದ್ಯರು ವರ್ಷಗಟ್ಟಲೆ ಹೋರಾಡಿದರು. ಕಾರ್ಖಾನೆಗಳ ಕೊಳಕು ನೀರಿಗಾಗಿ ಸಾಮಾನ್ಯ ಸಂಸ್ಕರಣ ಘಟಕವೂ ಆಯಿತು. 2007ರಲ್ಲಿ ಸ್ವೀಡನ್ನಿನ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬರುತ್ತಿದ್ದ ನೀರನ್ನು ಪರೀಕ್ಷಿಸಿ ಪ್ರಬಂಧ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಸಿನ್ ಎಂಬ ಜೀವಿರೋಧಕ ಔಷಧ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು! ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಹೊರಗಿನವರು ಬಂದು ಏಕೆ ಹೇಳಬೇಕಾಯಿತು? ನಮ್ಮ ಪಟ್ಟಿಯಲ್ಲಿ ಆ ಕಾಲಂ ಇರಲಿಲ್ಲ. 2020ರ ಜನವರಿಯ ಕರಡು ನಿಯಮದಲ್ಲಿ ಜೀವಿರೋಧಕಗಳಿಗೆ ಮಿತಿ ಹಾಕುವ ಕಾಲಂ ಬಂತು. 2021ರಲ್ಲಿ ಅಂತಿಮ ನಿಯಮ ಹೊರಟಾಗ ಅದು ಮಾಯವಾಗಿತ್ತು.

ನಾಲ್ಕನೆಯ ಮಾತು ನಮ್ಮವರದೇ. ಸಂಘದ ಅಂಗಳದಲ್ಲಿ ಕಾಫಿ ಕುಡಿಯುತ್ತ ಅನೇಕರು ಹೇಳುವ ಮಾತು: “ನಾವು ಹೊಟ್ಟೆಪಾಡಿಗೆ ಬಂದವರು. ಇದು ತೆಲುಗರ ಊರು, ಅವರ ಸರ್ಕಾರ. ನಮಗೇಕೆ ಈ ಉಸಾಬರಿ?” ನನಗೆ ಹೆಚ್ಚು ನೋವಾಗುವುದು ಈ ಮಾತಿನಿಂದ. ಈ ಊರಿನ ನೀರು ಕುಡಿಯುವಾಗ ನಾವು ಕನ್ನಡಿಗರೆಂದು ಬೇರೆ ಲೋಟ ಇಟ್ಟುಕೊಂಡಿದ್ದೇವೆಯೇ? ಹೈದರಾಬಾದಿಗೆ ದಶಕಗಳ ಕಾಲ ನೀರುಣಿಸಿದ ಮಂಜೀರಾ ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವ ನದಿ. ಪಟಾನ್‌ಚೆರುವಿನ ಕೊಳಕನ್ನು ಹೊತ್ತ ನಕ್ಕವಾಗು ಹೋಗಿ ಸೇರುವುದು ಆ ತಾಯಿಯ ಮಡಿಲಿಗೇ. ಐ.ಡಿ.ಪಿ.ಎಲ್., ಬಿ.ಎಚ್.ಇ.ಎಲ್. ಕಾಲದಿಂದ ನಮ್ಮವರು ಇಲ್ಲಿ ಕಾರ್ಖಾನೆಗಳಲ್ಲಿ ದುಡಿದಿದ್ದಾರೆ. ಇಂದು ನಮ್ಮ ಮಕ್ಕಳು ಔಷಧ ಕಂಪನಿಗಳ ಪ್ರಯೋಗಶಾಲೆಗಳಲ್ಲಿ ಕೆಮಿಸ್ಟರು. ಅಂದರೆ ಈ ಜಾತಕಗಳಿಗೆ ಸಹಿ ಹಾಕುವ ಕೈಗಳಲ್ಲಿ ನಮ್ಮ ಮನೆಯ ಕೈಗಳೂ ಇವೆ.

ಇನ್ನೊಂದು ಸಂಗತಿ. ಬೀದರದ ಕೊಳ್ಹಾರ ಕೈಗಾರಿಕಾ ಪ್ರದೇಶ, ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಇವುಗಳ ಹೆಸರು ಕೇಳಿದ್ದೀರಲ್ಲ? ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಅಲ್ಲಿಯೂ ನೆಲೆಯೂರಿವೆ. ದುರ್ನಾತ, ಕೆಟ್ಟ ನೀರು ಎಂದು ಅಲ್ಲಿಯ ಜನ ದೂರು ಹೇಳುತ್ತಿದ್ದಾರೆ. ಪಟಾನ್‌ಚೆರು ಮೂವತ್ತು ವರ್ಷಗಳ ಹಿಂದೆ ಹೇಳಿದ್ದನ್ನೇ ಇಂದು ಕಲ್ಯಾಣ ಕರ್ನಾಟಕದ ಹಳ್ಳಿಗಳು ಹೇಳುತ್ತಿವೆ. ಇಲ್ಲಿ ಕಣ್ಣಾರೆ ಕಂಡ ನಾವು ತೆಪ್ಪಗಿದ್ದರೆ ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳುವವರು ಯಾರು?

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಅದನ್ನು ಬಿಟ್ಟರೆ ಹೇಗೆ? ಅಪಾಯಕಾರಿ ತ್ಯಾಜ್ಯದ ಡ್ರಮ್ಮಿನ ಚೀಟಿಯ ಮೇಲೆ ಎಚ್ಚರಿಕೆಯ ಮಾತು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ನಿಯಮ. ಒಳ್ಳೆಯದೇ. ಆದರೆ ಇಲ್ಲಿನ ಕಾರ್ಖಾನೆಗಳಲ್ಲಿ ಡ್ರಮ್ಮು ಎತ್ತುವವರು ಯಾರು? ಒಡಿಶಾದವರು, ಬಿಹಾರದವರು, ನಮ್ಮ ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯಿಂದ ದುಡಿಯಲು ಬಂದವರು. ತೆಲುಗು ಮಾತು ಬಂದರೂ ತೆಲುಗು ಅಕ್ಷರ ಬಾರದವರು ಎಷ್ಟೋ ಮಂದಿ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಕನ್ನಡದ ಹಿರಿಮೆ ಹಾಡುವ ನಾವು, ಕನ್ನಡದ ಕೂಲಿಯೊಬ್ಬನಿಗೆ “ಇದು ವಿಷ, ಬರಿಗೈಯಲ್ಲಿ ಮುಟ್ಟಬೇಡ” ಎಂಬ ಒಂದು ಸಾಲನ್ನು ಅವನ ಅಕ್ಷರದಲ್ಲಿ ಬರೆಸಿಕೊಡಬಾರದೇ? ಭಾಷಾಭಿಮಾನವೆಂದರೆ ಇದಕ್ಕಿಂತ ದೊಡ್ಡದು ಯಾವುದು?

ಹಾಗಾದರೆ ಮಾಡಬೇಕಾದುದೇನು? ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದು, ಮಾದರಿ ತೆಗೆದವನ ಹೆಸರು, ತೆಗೆದ ದಿನ, ಡ್ರಮ್ಮಿನ ಸಂಖ್ಯೆ ಇವು ವಿಶ್ಲೇಷಣೆಯ ವರದಿಯ ಮೇಲೆ ಇರಲೇಬೇಕು. ಒಂದೇ ಡ್ರಮ್ಮಿನ ಮೇಲ್ಪದರದಿಂದ ಚಮಚದಷ್ಟು ತೆಗೆದು ಇಡೀ ಲಾರಿಯ ಮಾಲು ಹೀಗೆಯೇ ಇದೆ ಎನ್ನುವಂತಿಲ್ಲ. ಮೇಲೆ, ನಡುವೆ, ತಳದಲ್ಲಿ, ಬೇರೆ ಬೇರೆ ಡ್ರಮ್ಮುಗಳಲ್ಲಿ ತೆಗೆಯಬೇಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಏಕೆಂದರೆ ಪಾತ್ರೆಯಲ್ಲಿರುವುದೆಲ್ಲ ಅನ್ನವೇ. ಕಸ ಹಾಗಲ್ಲ. ಎರಡನೆಯದು, ತಯಾರಿಕೆಯ ವಿಧಾನ ಬದಲಾದ ಕೂಡಲೇ ಹಳೆಯ ವರದಿ ರದ್ದಾಗಬೇಕು. ಮೂರನೆಯದು, ಚೀಟಿಯ ಎಚ್ಚರಿಕೆ ಹೊರುವವನ ಭಾಷೆಯಲ್ಲೂ ಇರಬೇಕು. ನಾಲ್ಕನೆಯದು, ಪ್ರತಿ ವರ್ಷ ಕಾರ್ಖಾನೆಗಳು ಜೂನ್ 30ರೊಳಗೆ ಮಂಡಳಿಗೆ ಕೊಡುವ ಫಾರಂ 4ರ ವಾರ್ಷಿಕ ಲೆಕ್ಕವನ್ನು ಆಯಾ ಊರಿನ ಪಂಚಾಯಿತಿಯ ಗೋಡೆಯ ಮೇಲೆ, ಜನರ ಭಾಷೆಯಲ್ಲಿ ಅಂಟಿಸಬೇಕು.

ನಾಲ್ಕನೆಯದಕ್ಕೆ ಆಧಾರ ಆಗಲೇ ಇದೆ. ಅಪಾಯಕಾರಿ ತ್ಯಾಜ್ಯದ ಬಗ್ಗೆ ಸುಪ್ರೀಂ ಕೋರ್ಟು 1997ರಲ್ಲಿ ಒಂದು ಉನ್ನತ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಪ್ರೊ. ಎಂ. ಜಿ. ಕೆ. ಮೆನನ್. ಆ ಸಮಿತಿಯ ವರದಿಯ ನಂತರ 2003ರ ಅಕ್ಟೋಬರ್ 14ರಂದು ಕೋರ್ಟು ಹೊರಡಿಸಿದ ಆಜ್ಞೆಯ ಪ್ರಕಾರ, ಕಾರ್ಖಾನೆಯ ಗೇಟಿನ ಹೊರಗೆ ಬೋರ್ಡು ಹಾಕಿ, ಒಳಗೆ ಬಳಸುವ ಅಪಾಯಕಾರಿ ರಾಸಾಯನಿಕ, ಹೊರಬಿಡುವ ನೀರು, ಹೊಗೆ, ಹುಟ್ಟುವ ಕಸ ಇವುಗಳ ಪ್ರಮಾಣವನ್ನು ಬರೆಯಬೇಕು. ಮುಂದಿನ ಸಲ ಊರಿಗೆ ಹೋಗುವಾಗ ಬೀದರ ಬಸ್ಸಿನ ಕಿಟಕಿಯಿಂದ ಪಟಾನ್‌ಚೆರುವಿನ ಆಚೀಚೆ ಕಣ್ಣಾಡಿಸಿರಿ. ಬೋರ್ಡು ಕಂಡರೆ ಅದರ ಮೇಲಿನ ತಾರೀಖು ನೋಡಿರಿ. ಬಣ್ಣ ಮಾಸಿ, ಅಂಕಿ ಅಳಿಸಿಹೋಗಿದ್ದರೆ ಮಂಡಳಿಗೆ ಒಂದು ಪತ್ರ ಬರೆಯಿರಿ. ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ; ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿರಿ. ಫೈಲು ಅಲುಗಾಡುವುದು ಕೇಳುವವರಿದ್ದಾಗ ಮಾತ್ರ ಎಂಬುದನ್ನು ಒಬ್ಬ ಗುಮಾಸ್ತನ ಮಾತೆಂದು ನಂಬಿರಿ.

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವರ್ಷಕ್ಕೆ ಎಷ್ಟೋ ಭಾನುವಾರಗಳನ್ನು ನಾಟಕ, ಸುಗಮ ಸಂಗೀತ, ರಂಗೋಲಿ ಸ್ಪರ್ಧೆಗಳಿಗೆ ಕೊಡುತ್ತೇವೆ. ಒಂದು ಭಾನುವಾರವನ್ನು ಔಷಧ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೆ ಕೊಡೋಣ. ಅವರಿಗೆ ಗೊತ್ತಿರುವುದನ್ನು ನಮಗೆ ಹೇಳಲಿ. ಸಹಿಯ ಮುಂದೆ ಒಬ್ಬಂಟಿಯಾಗಿ ನಿಂತಾಗ ಏನು ಮಾಡಬೇಕೆಂದು ಹಿರಿಯರು ಅವರಿಗೆ ಹೇಳಲಿ. ನಮ್ಮಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ನಿವೃತ್ತ ಎಂಜಿನಿಯರುಗಳಿದ್ದಾರೆ. ತಾಯಿತಂದೆಯರೇ, ಮಗನ ಸಂಬಳ ಎಷ್ಟು ಎಂದು ಕೇಳುವ ನೀವು ಒಮ್ಮೆ ಅವನು ಯಾವ ಕಾಗದಕ್ಕೆ ಸಹಿ ಹಾಕುತ್ತಾನೆ ಎಂದೂ ಕೇಳಿರಿ. ಸುಳ್ಳಿಗೆ ಸಹಿ ಹಾಕಲಾರೆ ಎಂದು ಅವನು ಒಂದು ದಿನ ಕೆಲಸ ಬಿಟ್ಟು ಮನೆಗೆ ಬಂದರೆ, ಬಯ್ಯದೆ ತಟ್ಟೆ ಹಾಕಿ ಬಡಿಸಿರಿ.